ಮೂರನೆಯವನ ವಿಮೆ

ನಮ್ಮ ವ್ಯಾಕರಣಕಾರರು ‘ಅವನು’ ಎಂಬುದನ್ನೇ ಪ್ರಥಮಪುರುಷವೆಂದು ಕರೆದರು. ವಾಹನ ವಿಮೆಯ ಕಾನೂನೂ ಅದೇ ದಾರಿ ಹಿಡಿದಿದೆ. 1988ರ ಮೋಟಾರು ವಾಹನಗಳ ಕಾಯಿದೆ ಕಡ್ಡಾಯ ಮಾಡಿರುವುದು ನಮ್ಮ ವಾಹನದಿಂದ ಪರರಿಗಾಗುವ ಹಾನಿಯ ವಿಮೆಯನ್ನು. ನಮ್ಮ ಕಾರಿನ ಗಾಯಕ್ಕೆ ಮದ್ದು ಬೇಕೆಂದರೆ ಬೇರೆ ಕಂತು ತೆರಬೇಕು. ನಾನು ಅದನ್ನೂ ತೆತ್ತಿದ್ದೆ.

ಕಳೆದ ಸುಗ್ಗಿಯಲ್ಲಿ ತುರುವನೂರಿನ ರಸ್ತೆಬದಿಗೆ ನಿಲ್ಲಿಸಿದ್ದ ನನ್ನ ಕಾರಿಗೆ ಶೇಂಗಾ ಹೇರಿದ ಟ್ರ್ಯಾಕ್ಟರೊಂದು ಹಿಂದಕ್ಕೆ ಬಂದು ತಾಗಿತು. ಬಂಪರು ಸೀಳಿತು. “ತಪ್ಪಾತು ಮೇಷ್ಟ್ರೇ” ಎಂದು ಹುಡುಗ ಕೈಮುಗಿದ. ಅವನ ಟ್ರ್ಯಾಕ್ಟರಿನ ವಿಮೆಗೆ ನಾನೇ ಆ ಮೂರನೆಯವನು. ಆದರೆ ಆ ಹಣಕ್ಕಾಗಿ ನ್ಯಾಯಮಂಡಳಿಯ ಮೆಟ್ಟಿಲು ಹತ್ತಬೇಕು. ಒಂದು ಬಂಪರಿಗಾಗಿ ಯಾರು ಹತ್ತಿಯಾರು?

ಉಳಿದದ್ದು ನನ್ನದೇ ವಿಮೆ. ಗ್ಯಾರೇಜಿನವರು ಹೇಳಿದ್ದು 6000 ರೂಪಾಯಿ: ಬಂಪರಿಗೆ 4000, ಕೂಲಿಗೆ 2000. ಪ್ಲಾಸ್ಟಿಕ್ ಭಾಗವೆಂದರೆ ಸವಕಳಿಯ ಹೆಸರಿನಲ್ಲಿ ಅರ್ಧ ಹೋಗುತ್ತದೆ. ಸಣ್ಣ ಕಾರಿಗೆ ಕಡ್ಡಾಯ ಕಡಿತ 1000. ಕೈಗೆ ಬರುವುದು 3000. ಅದನ್ನು ಕೇಳಿದೆನೋ, ಐದು ವರ್ಷ ಏನನ್ನೂ ಕೇಳದೆ ಗಳಿಸಿದ ಶೇಕಡಾ 50ರ ರಿಯಾಯಿತಿ ಸೊನ್ನೆ! ಮುಂದಿನ ಕಂತೊಂದರಲ್ಲೇ ನನಗೆ 3500 ರೂಪಾಯಿ ನಷ್ಟ. ಆಮೇಲೆ ಮತ್ತೆ ಶೇಕಡಾ 20ರಿಂದ ಏರಬೇಕು. ಅರ್ಜಿಯನ್ನು ಮಡಿಸಿಟ್ಟು ಗ್ಯಾರೇಜಿನವರಿಗೆ ನಾನೇ ಹಣ ಕೊಟ್ಟೆ.

ದೊಡ್ಡ ಪೆಟ್ಟಾದರೆ ಮಾತು ಬೇರೆ. ಕೂಡಲೇ ಕಂಪನಿಗೆ ತಿಳಿಸಬೇಕು. ಸರ್ವೇಯರು ನೋಡುವ ಮೊದಲು ರಿಪೇರಿಗೆ ಕೈಹಾಕಬಾರದು. ಕಂಪನಿ ಒಲ್ಲೆನೆಂದರೆ, ಅಥವಾ ಬರೆದ ದೂರಿಗೆ ಒಂದು ತಿಂಗಳು ಸುಮ್ಮನಿದ್ದರೆ, ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ದೂರು ಕೊಡಬಹುದು. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.