ಟೀ ಕಪ್ಪಿನಲ್ಲಿ ಗುಟ್ಟಿನ ಗುಟುಕು

ಅಮೆರಿಕದಲ್ಲಿರುವ ಲೆಕ್ಕಿಗರಿಗೆ ಯುಗಾದಿ ಬರುವುದು ಏಪ್ರಿಲ್ 15ರ ರಾತ್ರಿ. ವೈಯಕ್ತಿಕ ಆದಾಯ ತೆರಿಗೆಯ ರಿಟರ್ನ್ ಸಲ್ಲಿಸಲು ಅದೇ ಕಡೆಯ ದಿನ. ಜನವರಿ ಕೊನೆಯಿಂದ ಅಲ್ಲಿಯವರೆಗೆ ನಮಗೆ ಶನಿವಾರವೂ ಇಲ್ಲ, ಭಾನುವಾರವೂ ಇಲ್ಲ. ಮಕ್ಕಳ ಮುಖ ನೋಡುವುದೂ ಅವರು ಮಲಗಿದ ಮೇಲೆಯೇ.

ನ್ಯೂಜೆರ್ಸಿಯಲ್ಲಿ ನೆಲೆಸಿರುವ ನಾವು ನಾಲ್ವರು ಬಿಕಾಂ ಮುಗಿಸಿ, ಸಿಎ ಪಾಸಾಗಿ, ನಲವತ್ತು ದಾಟಿದವರು. ಒಬ್ಬ ದಾವಣಗೆರೆಯವ, ಉಳಿದವರು ಹುಬ್ಬಳ್ಳಿ, ಮೈಸೂರು, ಕುಂದಾಪುರ ಕಡೆಯವರು. ಪ್ರತಿ ವರ್ಷ ಕೊನೆಯ ಫೈಲ್ ಕಳಿಸಿದ ಸಂಜೆ ನ್ಯೂಯಾರ್ಕಿಗೆ ಹೋಗಿ ಊಟ ಮಾಡಿ ಬರುವುದು ನಮ್ಮ ರೂಢಿ. ಈ ಸಲ ಹುಬ್ಬಳ್ಳಿಯ ಗೆಳೆಯ ಹೊಸ ಯೋಜನೆ ಮುಂದಿಟ್ಟ: ‘ಬೋರ್ಡೇ ಇಲ್ಲದ ಬಾರುಗಳನ್ನು ಹುಡುಕೋಣ’. ದಾವಣಗೆರೆಯ ಗೆಳೆಯ ಹನಿ ಮದ್ಯವನ್ನೂ ಮುಟ್ಟುವವನಲ್ಲ. ಬರುತ್ತಾನೋ ಇಲ್ಲವೋ ಎಂದುಕೊಂಡಿದ್ದೆವು. ‘ನಾನೂ ಬರ್ತೀನಿ, ನೋಡೋಣ ಏನ್ ಅಡಗಿಸಿಟ್ಟಿದಾರೆ’ ಎಂದ.

ಆಟಿಕೆ ಕಂಪನಿಯ ಹಿಂದೆ

ಪಾತ್ ರೈಲು ಹತ್ತಿ ಹಡ್ಸನ್ ನದಿಯಡಿಯ ಸುರಂಗ ದಾಟಿ, ಅಲ್ಲಿಂದ ಎಫ್ ರೈಲು ಹಿಡಿದು ಡೆಲಾನ್ಸಿ ಸ್ಟ್ರೀಟಿನಲ್ಲಿ ಇಳಿದೆವು. ಪಕ್ಕದ ನಾರ್ಫೋಕ್ ಸ್ಟ್ರೀಟಿನಲ್ಲಿ ‘ಲೋವರ್ ಈಸ್ಟ್ ಸೈಡ್ ಟಾಯ್ ಕಂಪನಿ’ ಎಂಬ ಫಲಕದ ಕಬ್ಬಿಣದ ಗೇಟು. ಅದನ್ನು ತಳ್ಳಿ, ಮೆಟ್ಟಿಲಿಳಿದು, ಕತ್ತಲ ಓಣಿ ದಾಟಿ ಮತ್ತೆ ಮೆಟ್ಟಿಲು ಹತ್ತಿದರೆ ‘ದಿ ಬ್ಯಾಕ್ ರೂಮ್’. ಇಲ್ಲಿ ಕಾಕ್‌ಟೇಲ್ ಬರುವುದು ಪಿಂಗಾಣಿ ಟೀ ಕಪ್ಪಿನಲ್ಲಿ, ಬಿಯರ್ ಬಾಟಲಿ ಬರುವುದು ಕಾಗದದ ಚೀಲದೊಳಗೆ. ಪೊಲೀಸರು ನುಗ್ಗಿದರೆ ಚಹಾ ಕುಡಿಯುತ್ತಿದ್ದೇವೆ ಎನ್ನಬಹುದಲ್ಲ, ಆ ಕಾಲದ ಅಣಕು ಇದು.

ಆ ಕಾಲವೆಂದರೆ 1920ರ ಜನವರಿ 17ರಿಂದ 1933ರ ಡಿಸೆಂಬರ್ 5ರವರೆಗೆ. ಸಂವಿಧಾನಕ್ಕೇ ತಿದ್ದುಪಡಿ ತಂದು ಅಮೆರಿಕ ಮದ್ಯದ ತಯಾರಿಕೆ, ಮಾರಾಟ, ಸಾಗಾಟ ನಿಷೇಧಿಸಿತ್ತು. ತಮಾಷೆಯೆಂದರೆ, ಕುಡಿಯುವುದು ಅಪರಾಧವಾಗಿರಲಿಲ್ಲ. ಹಾಗಾಗಿ ನೆಲಮಾಳಿಗೆ, ಅಂಗಡಿಗಳ ಹಿಂಬದಿಯಲ್ಲೆಲ್ಲ ಕಳ್ಳ ಬಾರುಗಳು ಹುಟ್ಟಿಕೊಂಡವು. ದನಿ ತಗ್ಗಿಸಿ ಮಾತಾಡಬೇಕಾದ ಜಾಗ ಎಂಬರ್ಥದಲ್ಲಿ ಅವುಗಳಿಗೆ ‘ಸ್ಪೀಕ್‌ಈಸಿ’ ಎಂಬ ಹೆಸರಿತ್ತು. ನ್ಯೂಯಾರ್ಕ್ ನಗರವೊಂದರಲ್ಲೇ ಇಂಥವು 32,000 ಇದ್ದವು ಎಂಬುದು ಅಂದಿನ ಪೊಲೀಸ್ ಕಮಿಷನರ್ ಗ್ರೋವರ್ ವೇಲನ್ ಅವರ ಅಂದಾಜು. 52ನೇ ಸ್ಟ್ರೀಟಿನ ‘21 ಕ್ಲಬ್’ನವರಂತೂ ಮದ್ಯವನ್ನು ಪಕ್ಕದ ಕಟ್ಟಡದ ನೆಲಮಾಳಿಗೆಯಲ್ಲಿ, ಗೋಡೆಯಂತೆಯೇ ಕಾಣುವ ಭಾರೀ ಬಾಗಿಲಿನ ಹಿಂದೆ ಇಟ್ಟಿದ್ದರು. ‘ಈ ಕಟ್ಟಡದಲ್ಲಿ ಮದ್ಯವಿಲ್ಲ’ ಎಂದು ಸುಳ್ಳು ಹೇಳದೆಯೇ ಹೇಳಬಹುದಿತ್ತು!

ಹಿಡಿದದ್ದು ಲೆಕ್ಕಪತ್ರ

ಈ ಕಳ್ಳಾಟದ ದೊಡ್ಡ ಕುಳವನ್ನು ಬಲೆಗೆ ಕೆಡವಿದ್ದು ಬಂದೂಕಲ್ಲ, ಲೆಕ್ಕದ ಪುಸ್ತಕ. ಕಾನೂನುಬಾಹಿರ ಆದಾಯಕ್ಕೂ ತೆರಿಗೆ ಕಟ್ಟಬೇಕು ಎಂದು 1927ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕಳ್ಳ ಮದ್ಯ ಮಾರುವವನೂ ರಿಟರ್ನ್ ಸಲ್ಲಿಸಲೇಬೇಕು. ಬ್ರೂಕ್ಲಿನ್‌ನಲ್ಲಿ ಹುಟ್ಟಿ ಷಿಕಾಗೋ ಆಳಿದ ಅಲ್ ಕಪೋನ್ ಸಿಕ್ಕಿಬಿದ್ದದ್ದು ಹಾಗೆಯೇ. ಹಿಂದೆಂದೋ ದಾಳಿಯಲ್ಲಿ ವಶಪಡಿಸಿಕೊಂಡು ಬೀರುವಿನಲ್ಲಿ ಮರೆತಿದ್ದ ಲೆಡ್ಜರುಗಳನ್ನು ತೆರಿಗೆ ಅಧಿಕಾರಿ ಫ್ರಾಂಕ್ ವಿಲ್ಸನ್ ಹುಡುಕಿ ತೆಗೆದರು. 1931ರಲ್ಲಿ ಕಪೋನ್‌ಗೆ ತೆರಿಗೆ ವಂಚನೆಗಾಗಿ 11 ವರ್ಷ ಶಿಕ್ಷೆಯಾಯಿತು. ನಾವು ಕಪ್ಪು ಎತ್ತಿ ವಿಲ್ಸನ್‌ಗೆ ಜೈ ಎಂದೆವು.

ಆದರೆ ಆ ಹದಿಮೂರು ವರ್ಷ ಬರೀ ಜಾಜ್ ಸಂಗೀತದ ಮೋಜಾಗಿರಲಿಲ್ಲ. ಕೈಗಾರಿಕೆಗೆ ಬಳಸುವ ಆಲ್ಕೋಹಾಲನ್ನು ಜನ ಕದ್ದು ಕುಡಿಯಬಾರದೆಂದು ಅದಕ್ಕೆ ವಿಷಕಾರಿ ಮೆಥನಾಲ್ ಬೆರೆಸುವಂತೆ ಸರ್ಕಾರವೇ ವಿಧಿಸಿತ್ತು. ಆದರೂ ಕುಡಿದರು, ಕಣ್ಣು ಕಳೆದುಕೊಂಡರು, ಸತ್ತರು. ಇದನ್ನು ಹೇಳುವಾಗ ಮೈಸೂರಿನ ಗೆಳೆಯ 1981ರ ಬೆಂಗಳೂರನ್ನು ನೆನಪಿಸಿದ. ಆ ಜುಲೈನಲ್ಲಿ ಅಲ್ಲಿ ಕಳ್ಳಭಟ್ಟಿ 300ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತ್ತು. ಟೇಬಲ್ಲಿನಲ್ಲಿ ಸ್ವಲ್ಪ ಹೊತ್ತು ಮಾತಿರಲಿಲ್ಲ.

ಮೆನು ಇಲ್ಲದ ಬಾರು

ಅಲ್ಲಿಂದ ನಡೆದೇ ಎಲ್ಡ್ರಿಜ್ ಸ್ಟ್ರೀಟಿಗೆ ಬಂದೆವು. ಇಂದಿನ ಗುಪ್ತ ಬಾರುಗಳ ಕಥೆ ಮತ್ತೆ ಶುರುವಾದದ್ದು ಇಲ್ಲಿ. 1999ರ ಡಿಸೆಂಬರ್ 31ರಂದು ಸಾಶಾ ಪೆಟ್ರಾಸ್ಕಿ ಎಂಬ ಯುವಕ ‘ಮಿಲ್ಕ್ ಆ್ಯಂಡ್ ಹನಿ’ ತೆರೆದ. ಬೋರ್ಡಿಲ್ಲ, ಫೋನ್ ನಂಬರ್ ಗೊತ್ತಿದ್ದವರಿಗಷ್ಟೇ ಪ್ರವೇಶ. ನೆರೆಹೊರೆಗೆ ಗದ್ದಲವಾಗದಂತೆ ನೋಡಿಕೊಳ್ಳುವುದೂ ಈ ಗುಟ್ಟಿಗೆ ಒಂದು ಕಾರಣ. ಗಂಡಸರು ತಾವಾಗಿ ಅಪರಿಚಿತ ಹೆಂಗಸರನ್ನು ಮಾತಿಗೆಳೆಯುವಂತಿಲ್ಲ ಎಂಬ ನಿಯಮವೂ ಇತ್ತು. ಪೆಟ್ರಾಸ್ಕಿ 2015ರಲ್ಲಿ ತೀರಿಕೊಂಡರು. ಆ ಜಾಗದಲ್ಲೀಗ ‘ಆಟಾಬಾಯ್’ ಇದೆ. ಮುಚ್ಚಿದ ಬಾಗಿಲು ತಟ್ಟಬೇಕು. ಒಳಗೆ ಮೆನು ಇಲ್ಲ, ‘ಹುಳಿಯೇ, ಕಹಿಯೇ, ಖಾರವೇ?’ ಎಂದು ಕೇಳಿ ಕಲಸಿಕೊಡುತ್ತಾರೆ. ನಮ್ಮ ದಾವಣಗೆರೆಯವ ‘ಮದ್ಯ ಬೇಡ, ಶುಂಠಿ-ನಿಂಬೆ ಇರಲಿ’ ಎಂದ. ಬಂದದ್ದು ರಾಮನವಮಿ ಪಾನಕದ ಅಮೆರಿಕನ್ ಷಡ್ಡಕ.

ನ್ಯೂಯಾರ್ಕಿಗೆ ಬರುವ ಓದುಗರಿಗೆ ಎರಡು ಮಾತು. 21 ತುಂಬಿರಬೇಕು, ತಲೆ ನರೆತಿದ್ದರೂ ಪಾಸ್‌ಪೋರ್ಟ್ ಕೇಳಬಹುದು. ಇನ್ನು ಬಿಲ್ಲು: 20 ಡಾಲರಿನ ಒಂದು ಲೋಟಕ್ಕೆ ಶೇ 8.875 ಮಾರಾಟ ತೆರಿಗೆ, ಮೇಲೆ ಶೇ 20 ಟಿಪ್ಸ್ ಸೇರಿದರೆ 25 ಡಾಲರ್ 78 ಸೆಂಟ್. ರೂಪಾಯಿಗೆ ಪರಿವರ್ತಿಸಿ ನೋಡಿದರೆ ಗುಟುಕು ಗಂಟಲಲ್ಲಿ ಇಳಿಯುವುದಿಲ್ಲ.

ಫೋನ್ ಬೂತಿನಾಚೆ

ಕೊನೆಗೆ ಸೇಂಟ್ ಮಾರ್ಕ್ಸ್ ಪ್ಲೇಸ್. ‘ಕ್ರಿಫ್ ಡಾಗ್ಸ್’ ಎಂಬ ಹಾಟ್‌ಡಾಗ್ ಅಂಗಡಿಯೊಳಗೆ ಒಂದು ಹಳೇ ಫೋನ್ ಬೂತ್. ಒಳಹೊಕ್ಕು ರಿಸೀವರ್ ಎತ್ತಿದರೆ ಹಿಂದಿನ ಗೋಡೆಯೇ ಬಾಗಿಲಾಗಿ ತೆರೆದುಕೊಳ್ಳುತ್ತದೆ. ಇದು 2007ರಲ್ಲಿ ಆರಂಭವಾದ ‘ಪಿಡಿಟಿ’, ಅಂದರೆ ‘ದಯವಿಟ್ಟು ಯಾರಿಗೂ ಹೇಳಬೇಡಿ’. ಗೋಡೆಯ ಮೇಲೆ ಹುಲ್ಲು ತುಂಬಿದ ಪ್ರಾಣಿಗಳು, ಮಂದ ಬೆಳಕು.

‘2007ರಲ್ಲೇ ಅಲ್ವಾ ನಮ್ಮಲ್ಲಿ ಸಾರಾಯಿ ನಿಷೇಧ ಆಗಿದ್ದು?’ ಎಂದ ದಾವಣಗೆರೆಯ ಗೆಳೆಯ. ಹೌದು, ಅದೇ ವರ್ಷದ ಜುಲೈನಲ್ಲಿ. ‘ನಮ್ಮಪ್ಪಂಗೆ ಅಷ್ಟೊತ್ತಿಗೆ ತಡ ಆಗಿತ್ತು’ ಎಂದು ಶುರು ಮಾಡಿದ. ಹತ್ತು ವರ್ಷದ ಗೆಳೆತನದಲ್ಲಿ ಅವನು ಈ ಮಾತು ಆಡಿದ್ದು ಇದೇ ಮೊದಲು.

ಅವರದು ಕಿರಾಣಿ ಅಂಗಡಿ. ಅಕ್ಕಿ ಮೂಟೆಯ ಹಿಂದೆ ಅಪ್ಪನ ಬಾಟಲಿ. ಅದನ್ನು ಪೇಪರಿನಲ್ಲಿ ಸುತ್ತಿಸಿಕೊಂಡು ತರಲು ಹೋಗುತ್ತಿದ್ದವನು ಇವನೇ, ಏಳನೇ ಕ್ಲಾಸಿನ ಹುಡುಗ. ಅಂಗಡಿಯ ಖಾತೆಯಲ್ಲಿ ಆ ಖರ್ಚನ್ನು ಅಪ್ಪ ‘ಇತರೆ’ ಎಂದು ಬರೆಸುತ್ತಿದ್ದರು. ವರ್ಷ ವರ್ಷ ‘ಇತರೆ’ ಬೆಳೆಯಿತು, ಅಕ್ಕಿ ಮೂಟೆ ಕಡಿಮೆಯಾದವು. ಅಮ್ಮನಿಗೆ, ಅಜ್ಜಿಗೆ, ಬೀದಿಗೆಲ್ಲ ಗೊತ್ತಿತ್ತು, ಯಾರೂ ಬಾಯಿ ಬಿಡಲಿಲ್ಲ. ಮರ್ಯಾದೆ ಹೋದೀತೆಂಬ ಭಯ. ಇವನು ಬಿಕಾಂ ಎರಡನೇ ವರ್ಷದಲ್ಲಿದ್ದಾಗ ಲಿವರ್ ಕೆಟ್ಟು ಅಪ್ಪ ಹೋದರು, 47ನೇ ವಯಸ್ಸಿಗೆ. ‘ಇಲ್ಲಿ ದುಡ್ಡು ಕೊಟ್ಟು ಬಚ್ಚಿಟ್ಕೊಂಡು ಕುಡೀತಾರೆ, ಬಾಗಿಲು ತೆಗೆದ್ರೆ ನಗ್ತಾ ಹೊರಗೆ ಬರ್ತಾರೆ. ನಮ್ಮನೇಲಿ ಬಾಗಿಲು ತೆಗೆಯೋರೇ ಇರಲಿಲ್ಲ’ ಎಂದ.

ಆಗ ನಮ್ಮಲ್ಲೊಬ್ಬ ಲೋಟ ಪಕ್ಕಕ್ಕೆ ಸರಿಸಿ ಹೇಳಿದ: ತೆರಿಗೆಯ ಈ ಮೂರು ತಿಂಗಳು ರಾತ್ರಿ ಒಂದು ಗಂಟೆಗೆ ಕೆಲಸ ಮುಗಿಸಿ, ಗ್ಯಾರೇಜಿಗೆ ಹೋಗಿ ಕುಡಿಯುವುದು ಅಭ್ಯಾಸವಾಗಿದೆ. ಬಾಟಲಿ ಇರುವುದು ಕ್ರಿಸ್‌ಮಸ್ ದೀಪಗಳ ಡಬ್ಬದ ಹಿಂದೆ. ಮನೆಯವರಿಗೆ ಗೊತ್ತಿಲ್ಲ. ಹಾಗಂತ ಅಂದುಕೊಂಡಿದ್ದೇನೆ.

ಯಾರೂ ಬುದ್ಧಿ ಹೇಳಲಿಲ್ಲ. ದಾವಣಗೆರೆಯ ಗೆಳೆಯ ‘ನಾಳೆ ಡಾಕ್ಟರ್ ಹತ್ರ ನಾನೂ ಬರ್ತೀನಿ. ಮನೇಲಿ ಮಾತ್ರ ಇವತ್ತೇ ಹೇಳು’ ಎಂದಷ್ಟೇ ಅಂದ. ಮರಳುವ ರೈಲಿನಲ್ಲಿ ನಾಲ್ವರೂ ಸುಮ್ಮನೆ ಕೂತಿದ್ದೆವು.

ಆ ಒಬ್ಬ ಯಾರೆಂದು ಬರೆಯುವುದಿಲ್ಲ. ಈ ಬರಹದಲ್ಲಿ ಎಲ್ಲೆಡೆ ‘ನಾವು’ ಇರುವುದೂ ಅದಕ್ಕೇ. ಅವನು ಅದೇ ರಾತ್ರಿ ಹೆಂಡತಿಗೆ ಹೇಳಿದ. ‘ನನಗೆ ಗೊತ್ತಿತ್ತು, ನೀವು ಹೇಳ್ಲಿ ಅಂತ ಕಾಯ್ತಿದ್ದೆ’ ಎಂದರಂತೆ ಆಕೆ. ಮರುವಾರ ಇಬ್ಬರೂ ವೈದ್ಯರನ್ನು ಕಂಡರು, ಮೂರನೆಯವನಾಗಿ ದಾವಣಗೆರೆಯ ಗೆಳೆಯನೂ ಹೋಗಿದ್ದ.

ಪರದೇಶದಲ್ಲಿ ನಾವು ಕನ್ನಡಿಗರು ಕೂಟಗಳಲ್ಲಿ ಸಂಬಳ, ಮನೆ, ಮಕ್ಕಳ ಕಾಲೇಜು ಎಲ್ಲ ಮಾತಾಡುತ್ತೇವೆ. ಗ್ಯಾರೇಜಿನ ಮಾತು ಬಂದರೆ ‘ಇತರೆ’ ಖಾತೆಗೆ ಹಾಕಿ ಪುಟ ಮಗುಚುತ್ತೇವೆ. ಲೆಕ್ಕ ತಪ್ಪುವುದು ಅಲ್ಲೇ.

ಮುಂದಿನ ಏಪ್ರಿಲ್ 15ಕ್ಕೂ ನಾಲ್ವರೂ ಹೋಗುವುದೆಂದು ಮಾತಾಗಿದೆ. ನಾರ್ಫೋಕ್ ಸ್ಟ್ರೀಟಿನ ಆಟಿಕೆ ಗೇಟಿಗೇ. ಎರಡು ಕಪ್ಪಿನಲ್ಲಿ ಏನಾದರೂ ಇರಲಿ, ಉಳಿದೆರಡರಲ್ಲಿ ನಿಜವಾಗಿಯೂ ಚಹಾ ಕೊಡಿ ಎಂದು ಕೇಳುವವರಿದ್ದೇವೆ.