ಕದ್ದ ಪ್ರತಿ, ಕೊಟ್ಟ ಕಾಣಿಕೆ

ಅಂಗಡಿಯಿಂದ ಪುಸ್ತಕವೊಂದನ್ನು ಹಣ ಕೊಡದೆ ಎತ್ತಿಕೊಂಡು ಬರುವುದು ಕಳ್ಳತನವೆಂದು ನಮ್ಮ ಮನೆಯ ಮಕ್ಕಳೂ ಬಲ್ಲರು. ಆದರೆ ಅದೇ ಪುಸ್ತಕದ ಪಿಡಿಎಫ್ ಪ್ರತಿ ಮೊಬೈಲಿಗೆ ಬಂದರೆ, ಅದನ್ನು ಹತ್ತು ಮಂದಿಗೆ ಕಳುಹಿಸಲು ಹಿರಿಯರಾದ ನಾವೇ ಹಿಂಜರಿಯುವುದಿಲ್ಲ. ಜ್ಞಾನವನ್ನು ಹಂಚಿದರೆ ತಪ್ಪೇನು ಎಂದು ನಮಗೆ ನಾವೇ ಸಮಾಧಾನ ಹೇಳಿಕೊಳ್ಳುತ್ತೇವೆ. ಹೀಗೆ ಹೇಳುವವರು ಬ್ರೆಜಿಲ್ ದೇಶದ ಪ್ರಸಿದ್ಧ ಲೇಖಕ ಪಾವ್ಲೊ ಕೊಯೆಲೊ ಅವರ ಹೆಸರನ್ನು ಎತ್ತುವುದುಂಟು. ಆದಕಾರಣ ಅವರ ಕಥೆಯನ್ನು ಪೂರ್ತಿಯಾಗಿ ತಿಳಿಯುವುದು ಒಳಿತು.

ಕೊಯೆಲೊ ಕಥೋಲಿಕ ಕುಟುಂಬದಲ್ಲಿ 1947ರಲ್ಲಿ ಜನಿಸಿ, ರಿಯೊ ಡಿ ಜನೈರೊ ನಗರದಲ್ಲಿ ಯೇಸುಸಭೆಯ ಗುರುಗಳ ಶಾಲೆಯಲ್ಲಿ ಓದಿದವರು. ಪ್ರೇಷಿತ ಸಂತ ಯಾಕೋಬರ ಸಮಾಧಿಯಿರುವ ಸ್ಪೇನಿನ ಸಾಂತಿಯಾಗೊ ಕ್ಷೇತ್ರಕ್ಕೆ 1986ರಲ್ಲಿ ಕಾಲ್ನಡಿಗೆಯ ಯಾತ್ರೆ ಕೈಗೊಂಡರು. ಆ ಬಳಿಕ, 1988ರಲ್ಲಿ ಪ್ರಕಟವಾದ 'ದಿ ಆಲ್ಕೆಮಿಸ್ಟ್' ಕಾದಂಬರಿ ಮೊದಲು ಹೆಚ್ಚು ಮಾರಾಟವಾಗಲಿಲ್ಲ. ಪ್ರಥಮ ಪ್ರಕಾಶಕರು ಅದನ್ನು ಕೈಬಿಟ್ಟರು. ತಿರಸ್ಕೃತವಾದ ಪುಸ್ತಕದ ನೋವನ್ನು ಬಲ್ಲ ಲೇಖಕ ಅವರು.

1999ರ ಸುಮಾರಿಗೆ ಇದೇ ಕಾದಂಬರಿಯ ರಷ್ಯನ್ ಅನುವಾದವು ಅನುಮತಿಯಿಲ್ಲದೆ ಅಂತರ್ಜಾಲದಲ್ಲಿ ಇರುವುದು ಅವರ ಕಣ್ಣಿಗೆ ಬಿತ್ತು. ಅವರು ಕೋಪಿಸಿಕೊಳ್ಳಲಿಲ್ಲ, ನ್ಯಾಯಾಲಯಕ್ಕೂ ಹೋಗಲಿಲ್ಲ. ಆ ಕದ್ದ ಪ್ರತಿಯನ್ನೇ ತಮ್ಮ ತಾಣದಲ್ಲಿ ಇರಿಸಿದರು. ಅವರೇ ಹೇಳಿರುವ ಪ್ರಕಾರ, ಮರುವರ್ಷ ರಷ್ಯದಲ್ಲಿ ಮುದ್ರಿತ ಪುಸ್ತಕದ 10,000 ಪ್ರತಿಗಳು ಮಾರಾಟವಾದವು. 2002ರ ವೇಳೆಗೆ ಆ ಸಂಖ್ಯೆ ಹತ್ತು ಲಕ್ಷಕ್ಕೆ ಏರಿತು. ಪರದೆಯ ಮೇಲೆ ಕೆಲವು ಪುಟ ಓದಿದವರು ಪುಸ್ತಕವನ್ನು ಕೊಳ್ಳಲು ಬಂದರೆಂಬುದು ಅವರ ನಂಬಿಕೆ. ಮುಂದೆ 'ಪೈರೇಟ್ ಕೊಯೆಲೊ' ಎಂಬ ತಾಣದ ಮೂಲಕ ಅನೇಕ ಭಾಷೆಗಳ ಪ್ರತಿಗಳಿಗೆ ಗುಟ್ಟಾಗಿ ದಾರಿ ಮಾಡಿಕೊಟ್ಟು, 2008ರಲ್ಲಿ ಜರ್ಮನಿಯ ಮ್ಯೂನಿಕ್ ನಗರದ ಸಮ್ಮೇಳನವೊಂದರಲ್ಲಿ ಅದನ್ನು ಬಹಿರಂಗಪಡಿಸಿದರು.

ಇದಕ್ಕೆ ತದ್ವಿರುದ್ಧವಾಗಿ ನಡೆದುಕೊಂಡವರು ಅಮೆರಿಕದ ಕಥೆಗಾರ ಹಾರ್ಲನ್ ಎಲಿಸನ್. ತಮ್ಮ ಕಥೆಗಳನ್ನು ಯಾರೋ ಅಂತರ್ಜಾಲದಲ್ಲಿ ಹರಡಿದ್ದಕ್ಕೆ ಅವರು 2000ರಲ್ಲಿ ಮೊಕದ್ದಮೆ ಹೂಡಿದರು. ಮುಖ್ಯ ಪ್ರತಿವಾದಿಯಾಗಿದ್ದ ಅಂತರ್ಜಾಲ ಸಂಸ್ಥೆಯೊಡನೆ 2004ರಲ್ಲಿ ರಾಜಿಯಾಗುವವರೆಗೂ ಪಟ್ಟು ಬಿಡಲಿಲ್ಲ. ಬರಹವೇ ತಮ್ಮ ಅನ್ನವೆಂಬುದು ಅವರ ವಾದ.

ಇವರಲ್ಲಿ ಯಾರು ಸರಿ? ಇಬ್ಬರೂ ಸರಿ ಎಂದೇ ನಾವು ಹೇಳುತ್ತೇವೆ. ಒಬ್ಬರು ತಮ್ಮದನ್ನು ದಾನವಾಗಿ ಕೊಟ್ಟರು. ಇನ್ನೊಬ್ಬರು ತಮ್ಮದನ್ನು ಕೇಳಿ ಪಡೆದರು. ದಾನ ಮಾಡುವ ಹಕ್ಕು ಒಡೆಯನದು, ದಾರಿಹೋಕನದಲ್ಲ. ನೆರೆಯವನು ತನ್ನ ತೋಟದ ಮಾವನ್ನು ಊರಿಗೆಲ್ಲ ಹಂಚಿದನೆಂದು ಇನ್ನೊಬ್ಬನ ತೋಟದ ಬೇಲಿ ಹಾರಬಹುದೇ? ಕೊಯೆಲೊ ಅವರಿಗೂ ಇಲ್ಲಿ ಒಂದು ತೊಡಕಿತ್ತು: ಅನುವಾದದ ಮೇಲೆ ಅನುವಾದಕರಿಗೂ ಹಕ್ಕಿದೆ. ಮೂಲ ಲೇಖಕರ ಔದಾರ್ಯವು ಅನುವಾದಕರ ದುಡಿಮೆಯನ್ನು ಬಿಟ್ಟಿ ಮಾಡಲಾರದು.

ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಲೇಖಕರ ಜೀವಿತಕಾಲದಲ್ಲಿ ಮತ್ತು ಅವರ ಮರಣಾನಂತರ 60 ವರ್ಷಗಳವರೆಗೆ ಕೃತಿಯ ಹಕ್ಕು ಉಳಿಯುತ್ತದೆ. ಅವಧಿ ಮುಗಿದ ಕೃತಿಗಳನ್ನು ಧಾರಾಳವಾಗಿ ಹಂಚೋಣ. ಲೇಖಕರು ತಾವಾಗಿ ಅನುಮತಿಸಿದ್ದನ್ನು ಕೃತಜ್ಞತೆಯಿಂದ ಓದೋಣ. ಕೊಂಡ ಪುಸ್ತಕವನ್ನು ನೆರೆಮನೆಗೆ ಓದಲು ಕೊಡುವುದಕ್ಕೂ, ಗ್ರಂಥಾಲಯದಿಂದ ತರುವುದಕ್ಕೂ ಯಾವ ಅಡ್ಡಿಯೂ ಇಲ್ಲ.

ಉಳಿದುದಕ್ಕೆ ಕಳ್ಳತನವನ್ನು ನಿಷೇಧಿಸುವ ಏಳನೆಯ ಆಜ್ಞೆಯೇ ಸಾಕು. ಜಗದ್ವಿಖ್ಯಾತ ಕೊಯೆಲೊ ಅವರಿಗೆ ಕೆಲವು ಸಾವಿರ ಪ್ರತಿಗಳ ನಷ್ಟ ತಟ್ಟದಿರಬಹುದು. ಆದರೆ ಕೆಲವೇ ನೂರು ಪ್ರತಿಗಳನ್ನು ಸಾಲ ಮಾಡಿ ಅಚ್ಚು ಹಾಕಿಸುವ ನಮ್ಮ ಕನ್ನಡ, ಕೊಂಕಣಿ ಲೇಖಕರಿಗೆ ಒಂದೊಂದು ಪ್ರತಿಯೂ ಮುಂದಿನ ಪುಸ್ತಕದ ಬಂಡವಾಳ. ಮುಂದಿನ ಬಾರಿ ಮೊಬೈಲಿಗೆ ಪುಸ್ತಕವೊಂದು ಬಂದಾಗ, ಅದನ್ನು ಮುಂದಕ್ಕೆ ಕಳುಹಿಸುವ ಮುನ್ನ ಬರೆದವರ ಅನುಮತಿ ಇದೆಯೇ ಎಂದು ಕೇಳಿಕೊಳ್ಳೋಣ. ಪಕ್ಕದಲ್ಲಿ ಕುಳಿತ ಮಕ್ಕಳು ನಮ್ಮನ್ನು ನೋಡಿಯೇ ಕಲಿಯುತ್ತಾರೆ.