ನೆರೆ, ನೆರವು ಮತ್ತು ನಂಬಿಕೆ

(ಸಂಘದ ಸಭೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಪಠ್ಯ)



ಈ ವಿಷಯವನ್ನು ಕುರಿತು ಮಾತನಾಡಬೇಕೆಂದು ತಾವು ಕೇಳಿದಾಗ ನಾನು ಹಿಂಜರಿದೆನು. ನಾನು ವೃತ್ತಿಯಿಂದ ಸಿವಿಲ್ ಎಂಜಿನಿಯರ್. ಧರ್ಮಗ್ರಂಥಗಳನ್ನು ಅಭ್ಯಾಸ ಮಾಡಿದವನಲ್ಲ. ನನಗಿರುವ ಅರ್ಹತೆ ಒಂದೇ. ಕಳೆದುಹೋಗಿದ್ದ ನಂಬಿಕೆ ನನಗೆ ಇದೇ ದೇಶದಲ್ಲಿ, ಜಿದ್ದಾ ನಗರದ ಕೆಸರಿನಲ್ಲಿ, ಸ್ವಲ್ಪಮಟ್ಟಿಗೆ ಮರಳಿ ದೊರೆಯಿತು.

2009ರ ಸೆಪ್ಟೆಂಬರ್ ಕೊನೆಯಲ್ಲಿ ಉತ್ತರ ಕರ್ನಾಟಕದ ಮೇಲೆ ಎಡೆಬಿಡದೆ ಮಳೆ ಸುರಿಯಿತು. ಕೃಷ್ಣೆ, ಮಲಪ್ರಭೆ, ತುಂಗಭದ್ರೆಗಳು ಉಕ್ಕಿ ಹರಿದವು. 200ಕ್ಕೂ ಹೆಚ್ಚು ಮಂದಿ ಮಡಿದರು. ಆ ಸೀಮೆಯ ಮಣ್ಣಿನ ಗೋಡೆ, ಮಣ್ಣಿನ ಮಾಳಿಗೆಯ ಮನೆಗಳು ಬಿಸಿಲಿಗೆ ತಂಪು ನೀಡುವಂಥವು, ಆದರೆ ದಿನಗಟ್ಟಲೆ ನೆನೆದರೆ ತಮ್ಮ ಭಾರಕ್ಕೆ ತಾವೇ ಕುಸಿಯುವಂಥವು. ಮಲಪ್ರಭೆಯ ದಂಡೆಯ ನಮ್ಮೂರಿನಲ್ಲಿ ನಮ್ಮ ಮನೆಯ ಹಿತ್ತಿಲ ಗೋಡೆಯೂ ಬಿದ್ದಿತು. ಅಕ್ಟೋಬರಿನ ಮೊದಲ ದಿನಗಳಲ್ಲಿ ತುಂಗಭದ್ರೆಯು ಮಂತ್ರಾಲಯದ ಮಠವನ್ನೇ ಹೊಕ್ಕಿತು. ಜಿದ್ದಾದಲ್ಲಿ ಕುಳಿತು ನಾನು ಮಾಡಿದ್ದೆಂದರೆ ಊರಿಗೆ ಹಣ ಕಳುಹಿಸಿದ್ದು, ಅಷ್ಟೇ. ಈ ದೇಶದಲ್ಲಿ ನಮಗೆ ಗುಡಿಯಿಲ್ಲ. ನಮ್ಮ ದೇವರು ಬಟ್ಟೆಯ ಬೀರುವಿನ ಒಂದು ಅರೆಯಲ್ಲಿದ್ದನು. ಮಂತ್ರಾಲಯದ ಚಿತ್ರಗಳನ್ನು ಟಿ.ವಿ.ಯಲ್ಲಿ ಕಂಡ ಅನಂತರ ಆ ಬೀರುವಿನ ಮುಂದೆ ಊದುಬತ್ತಿ ಹಚ್ಚಲು ನನಗೆ ಮನಸ್ಸಾಗಲಿಲ್ಲ.

ಎರಡು ತಿಂಗಳು ಕಳೆಯುವ ಮೊದಲೇ, ನವೆಂಬರ್ 25ರಂದು, ನಾವಿದ್ದ ಊರಿಗೇ ನೀರು ಬಂದಿತು. ಅದು ಹಜ್ ಆರಂಭವಾಗುವ ದಿನ. ಸುಮಾರು ನಾಲ್ಕು ಗಂಟೆಗಳಲ್ಲಿ 70 ಮಿಲಿಮೀಟರಿಗೂ ಮಿಗಿಲಾದ ಮಳೆ. ನಮ್ಮ ಆಗುಂಬೆಯವರು ಕೇಳಿದರೆ ನಕ್ಕಾರು. ಜಿದ್ದಾಕ್ಕೆ ಅದು ಇಡೀ ವರ್ಷದ ಮಳೆಗಿಂತ ಹೆಚ್ಚು. ನಗರದ ಪೂರ್ವಕ್ಕೆ ಬೋಳು ಬೆಟ್ಟಗಳು, ಪಶ್ಚಿಮಕ್ಕೆ ಕೆಂಪು ಸಮುದ್ರ. ಬೆಟ್ಟದ ನೀರು ಸಮುದ್ರ ಸೇರುವ ಒಣ ಹಳ್ಳಗಳಿಗೆ ಅರಬ್ಬಿಯಲ್ಲಿ ‘ವಾದಿ’ ಎನ್ನುತ್ತಾರೆ. ವರ್ಷಗಟ್ಟಲೆ ಒಣಗಿ ಬಿದ್ದಿರುವ ಹಳ್ಳವನ್ನು ಜನರು ಹಳ್ಳವೆಂಬುದನ್ನೇ ಮರೆಯುತ್ತಾರೆ. ಅಲ್ಲಿ ಮನೆಗಳೆದ್ದವು, ರಸ್ತೆಗಳಾದವು; ಮಳೆನೀರಿನ ಚರಂಡಿಗಳು ಮಾತ್ರ ಆಗಲಿಲ್ಲ. ಹೀಗಾಗಿ ವಾದಿಯ ಹಾದಿಯಲ್ಲಿದ್ದ ಕುವೈಝಾ ಬಡಾವಣೆಯು ಎಲ್ಲಕ್ಕಿಂತ ಹೆಚ್ಚು ನಲುಗಿತು. 100ಕ್ಕೂ ಹೆಚ್ಚು ಜನರು ಸತ್ತರು, ಹಲವರು ತಮ್ಮ ಕಾರುಗಳೊಳಗೇ.

ಮುಂದೆ ನಡೆದುದು ಈ ನಗರಕ್ಕೆ ಹೊಸತು. ಯಾರೂ ಕರೆಯದೆಯೇ ತರುಣ ತರುಣಿಯರು ಸಾವಿರ ಸಂಖ್ಯೆಯಲ್ಲಿ ಹೊರಬಂದರು. ಫೇಸ್‌ಬುಕ್ಕಿನ ಮೂಲಕ ಒಬ್ಬರಿಗೊಬ್ಬರು ಸುದ್ದಿ ಮುಟ್ಟಿಸಿ, ಹಾಸಿಗೆ, ಹೊದಿಕೆ, ಆಹಾರದ ಪೊಟ್ಟಣಗಳನ್ನು ಕಟ್ಟಿ ಮನೆಮನೆಗೆ ಒಯ್ದರು. ಬಕ್ರೀದ್ ರಜೆಯಿದ್ದುದರಿಂದ ನಮ್ಮಂಥವರ ಕೈಗಳೂ ಬಿಡುವಾಗಿದ್ದವು. ಹಬ್ಬದ ದಿನ ಬೆಳಿಗ್ಗೆ ನಮಾಜು ಮುಗಿಸಿದ ಮಂಗಳೂರಿನ ಬ್ಯಾರಿ ಗೆಳೆಯರೊಬ್ಬರು ಎರಡು ಸಲಿಕೆಗಳೊಂದಿಗೆ ನಮ್ಮ ಬಾಗಿಲಿಗೆ ಬಂದು, “ಬರ್ತೀರಾ?” ಎಂದರು. ನಾನು ಹೋದೆನು. ನಿಜ ಹೇಳಬೇಕೆಂದರೆ, ಕರುಣೆಯಿಂದಲ್ಲ. ಊರಿನಲ್ಲಿ ಬಿದ್ದ ಗೋಡೆಗೆ ಒಂದು ಕಲ್ಲನ್ನೂ ಎತ್ತಿಡಲಾರದೆ ಹೋದ ಸಂಕಟದಿಂದ.

ಕೆಸರು ತೆಗೆಯುವುದಕ್ಕೂ ಒಂದು ಕ್ರಮವಿದೆ. ಒಳಕೋಣೆಯಿಂದ ಆರಂಭಿಸಿ ಬಾಗಿಲ ಕಡೆಗೆ ಎಳೆಯಬೇಕು. ಒಣಗಲು ಬಿಟ್ಟರೆ ಅದು ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ. ನೀರು ನಿಂತರೆ ಸೊಳ್ಳೆ, ಸೊಳ್ಳೆಯಿಂದ ಡೆಂಗಿ. ನಾವು ಹೋದ ಮನೆ ಯೆಮೆನ್ ಮೂಲದ ಒಂದು ಕುಟುಂಬದ್ದು. ನೆನೆದ ಹಾಸಿಗೆಯೊಂದನ್ನು ಹೊರಗೆಳೆಯಲು ನಾಲ್ಕು ಜನ ಬೇಕಾಯಿತು. ಆ ಮನೆಯ ವೃದ್ಧರಿಗೂ ನನಗೂ ನಡುವೆ ಇದ್ದುದು ಹತ್ತು ಅರಬ್ಬಿ ಪದಗಳು. ಮಧ್ಯಾಹ್ನ ಅವರು ಬಕೆಟೊಂದನ್ನು ಮಗುಚಿಟ್ಟು, ಅದರ ಮೇಲೆ ಖರ್ಜೂರ ಇಟ್ಟು, ಕೈಹಿಡಿದು ಕುಳ್ಳಿರಿಸಿದರು. ನಾನು ಯಾವ ದೇಶದವನು, ಯಾವ ಧರ್ಮದವನು ಎಂದು ಕೇಳಲಿಲ್ಲ. ನಮ್ಮ ಭಾಷೆಯಲ್ಲಿ ‘ನೆರೆ’ ಎಂದರೆ ಪ್ರವಾಹವೂ ಹೌದು, ಪಕ್ಕದ ಮನೆಯೂ ಹೌದು ಎಂಬುದು ಅಂದು ನೆನಪಾಯಿತು.

ಸಂಜೆ, ಆಗ ಹತ್ತು ವರ್ಷದವನಾಗಿದ್ದ ನನ್ನ ಮಗ ಕೇಳಿದ: “ಅಪ್ಪಾ, ದೇವರು ಯಾಕೆ ಹೀಗೆ ಮಾಡಿದ?” ಊರಿನ ನೆರೆಯಾದಂದಿನಿಂದ ನನ್ನನ್ನು ಕೊರೆಯುತ್ತಿದ್ದ ಪ್ರಶ್ನೆಯೂ ಅದೇ. ಆದರೆ ಕುವೈಝಾದ ಇಳಿಜಾರನ್ನು ಕಣ್ಣಾರೆ ಕಂಡುಬಂದ ಎಂಜಿನಿಯರನಿಗೆ ಉತ್ತರ ಸುಲಭವಾಗಿತ್ತು. ಹಳ್ಳದಲ್ಲಿ ಮನೆ ಕಟ್ಟಿದವರು ನಾವು, ಚರಂಡಿ ತೋಡದವರು ನಾವು. ಇದರಲ್ಲಿ ದೇವರನ್ನು ಎಳೆಯುವ ಅಗತ್ಯವೇ ಇಲ್ಲ.

ನನ್ನ ಲೆಕ್ಕಕ್ಕೆ ಸಿಗದೆ ಹೋದುದು ಬೇರೊಂದು ಸಂಗತಿ. ಪಾಕಿಸ್ತಾನದ ಸ್ವಾತ್ ಕಣಿವೆಯಿಂದ ಬಂದು ಜಿದ್ದಾದ ದಿನಸಿ ಅಂಗಡಿಯೊಂದರಲ್ಲಿದ್ದ ಫರ್ಮಾನ್ ಅಲಿ ಖಾನ್ ಎಂಬಾತ ಅಂದು ಆ ಪ್ರವಾಹಕ್ಕೆ ಮತ್ತೆ ಮತ್ತೆ ಇಳಿದು 14 ಜನರನ್ನು ದಡ ಸೇರಿಸಿದನು. ಇನ್ನೊಬ್ಬರಿಗಾಗಿ ಇಳಿದಾಗ ತಾನೇ ಕೊಚ್ಚಿಹೋದನು. ಸೌದಿ ಸರ್ಕಾರ ಅವನಿಗೆ ಮರಣೋತ್ತರವಾಗಿ ದೊರೆ ಅಬ್ದುಲ್ ಅಝೀಝ್ ಪದಕವನ್ನಿತ್ತಿತು; ಜಿದ್ದಾದ ರಸ್ತೆಯೊಂದಕ್ಕೆ ಅವನ ಹೆಸರಿದೆ. ನೀರು ಏಕೆ ಬಂದಿತೆಂಬುದನ್ನು ನಕ್ಷೆ ನೋಡಿ ಹೇಳಬಲ್ಲೆ. ಹದಿನಾಲ್ಕು ಸಲ ಬದುಕಿ ಬಂದವನು ಹದಿನೈದನೆಯ ಸಲ ಏಕೆ ಇಳಿದನೆಂಬುದನ್ನು ಯಾವ ನಕ್ಷೆಯಿಂದಲೂ ಹೇಳಲಾರೆ. ಸಂಸಾರಸ್ಥರು ಇದನ್ನು ಹುಂಬತನವೆಂದಾರು. ನಾನೂ ಒಂದು ಕಾಲದಲ್ಲಿ ಹಾಗೆಯೇ ಅನ್ನುತ್ತಿದ್ದೆನೋ ಏನೋ. ಆ ವಾರ ಮಾತ್ರ ಅನ್ನಲಾಗಲಿಲ್ಲ. ದೇವರನ್ನು ನಾನು ಅದುವರೆಗೆ ಪ್ರವಾಹದ ಕಾರಣದಲ್ಲಿ ಹುಡುಕುತ್ತಿದ್ದೆ. ಹುಡುಕಬೇಕಾದ ಸ್ಥಳ ಅದಲ್ಲವೆಂದು ಅನಿಸಿತು. ಶರಣರ ಕಾಯಕ, ದಾಸೋಹಗಳನ್ನು ಶಾಲೆಯಲ್ಲಿ ಅಂಕಗಳಿಗಾಗಿ ಬರೆದಿದ್ದೆನು. ಅವುಗಳ ಅರ್ಥದ ಅಂಚು ಮೊದಲ ಬಾರಿಗೆ ಕೈಗೆ ತಾಗಿತು. ಬೀರುವಿನ ಮುಂದೆ ಮತ್ತೆ ಊದುಬತ್ತಿ ಹಚ್ಚಿದೆನು. ಸಂದೇಹಗಳು ಪೂರ್ತಿ ಹೋದವೆಂದು ಹೇಳಿದರೆ ಸುಳ್ಳಾದೀತು.

2011ರ ಜನವರಿ 26ರಂದು ಜಿದ್ದಾ ಮತ್ತೆ ಮುಳುಗಿತು. ಅನಂತರ ಅಣೆಕಟ್ಟುಗಳೂ ಕಾಲುವೆಗಳೂ ಆದವು. 2022ರ ನವೆಂಬರ್ 24ರಂದು 2009ಕ್ಕಿಂತಲೂ ಹೆಚ್ಚು ಮಳೆ ಸುರಿದಾಗ ಮೃತಪಟ್ಟವರು ಇಬ್ಬರು. ಸ್ವಯಂಸೇವೆಗೂ 2020ರಲ್ಲಿ ಕಾನೂನೊಂದು ಬಂದಿದೆ. ರಾಷ್ಟ್ರೀಯ ಸ್ವಯಂಸೇವಾ ಜಾಲತಾಣದಲ್ಲಿ ಇಕಾಮಾ ಉಳ್ಳ ನಾವೂ ಹೆಸರು ನೋಂದಾಯಿಸಬಹುದು. ಆದರೆ ಪರವಾನಗಿಯಿಲ್ಲದೆ ಚಂದಾ ಎತ್ತುವುದು ಇಲ್ಲಿ ಅಪರಾಧ. ಉತ್ಸಾಹದ ಭರದಲ್ಲಿ ಅದನ್ನು ಯಾರೂ ಮರೆಯಬಾರದು. ಜಿದ್ದಾದ ಮಳೆ ಬಹುಮಟ್ಟಿಗೆ ನವೆಂಬರಿನಿಂದ ಜನವರಿಯವರೆಗೆ ಬೀಳುತ್ತದೆ. ನೋಂದಾಯಿಸಬಯಸುವವರು ಅದಕ್ಕೆ ಮೊದಲೇ ಆ ಕೆಲಸ ಮುಗಿಸಿ, ಮೊಣಕಾಲೆತ್ತರದ ಗಂಬೂಟುಗಳನ್ನೂ ಕೊಂಡಿಟ್ಟುಕೊಳ್ಳಿರಿ. ಮಳೆ ಬಂದ ದಿನ ಅವು ಅಂಗಡಿಯಲ್ಲಿ ಸಿಗುವುದಿಲ್ಲ.